ಹಂಪಿಯ ಕೋಟೆ ಬಾಗಿಲುಗಳನ್ನು ನಡೆದೇ ನೋಡಬೇಕು, ದಾರಿ ಹೇಳಿ

ಕಲ್ಲುಹಾದಿ
ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ನಾನು, ತಂಗಿ, ಅಪ್ಪ ಮೂವರೂ ಹಂಪಿಗೆ ಹೋಗುತ್ತಿದ್ದೇವೆ. ವಿರೂಪಾಕ್ಷ, ವಿಠ್ಠಲ, ಹಜಾರರಾಮ ಎಲ್ಲ ಹಿಂದೆಯೇ ನೋಡಿದ್ದೇವೆ. ಈ ಸಲ ಒಂದು ಇಡೀ ದಿನ ಕೋಟೆ ಬಾಗಿಲುಗಳಿಗೇ ಇಡಬೇಕು ಅಂತ ಆಸೆ.

ಕಾರಣ ಹೇಳಿಬಿಡ್ತೀನಿ. ಹೋದ ಸಲ ಬಾಡಿಗೆ ಕಾರಿನಲ್ಲಿ ತಳವಾರಘಟ್ಟದ ಬಾಗಿಲು ದಾಟಿದೆವು. ಡ್ರೈವರ್ ಹಾರ್ನ್ ಹೊಡೆದರು, ಒಳಗೆ ಒಂದು ಕ್ಷಣ ತಣ್ಣಗೆ ಕತ್ತಲಾಯಿತು, ಮತ್ತೆ ಬಿಸಿಲು. ತಲೆ ಎತ್ತಿ ನೋಡುವಷ್ಟರಲ್ಲಿ ಬಾಗಿಲು ಹಿಂದೆ ಉಳಿದಿತ್ತು. ಅಷ್ಟು ದೊಡ್ಡ ಕಟ್ಟಡವನ್ನು ಹಾಗೆ ದಾಟಿದ್ದು ಇನ್ನೂ ಮನಸ್ಸಿನಲ್ಲಿ ಕೊರೆಯುತ್ತಿದೆ.

ಯಾವ ಬಾಗಿಲುಗಳನ್ನು ನಡೆದು ನೋಡಬಹುದು? ಎಲ್ಲಿಂದ ಶುರು ಮಾಡಬೇಕು? ಅಪ್ಪನಿಗೆ ಮಂಡಿ ನೋವಿದೆ, ಆದರೆ ನಿಧಾನಕ್ಕೆ ನಡೀತಾರೆ. "ಬಾಗಿಲು ನೋಡೋಕೆ ಒಂದು ದಿನ ಬೇಕೇನೋ?" ಅಂತ ನಮ್ಮ ಚಿಕ್ಕಪ್ಪ ಕೇಳುತ್ತಿದ್ದಾರೆ. ಅವರಿಗೂ ಏನಾದರೂ ಉತ್ತರ ಕೊಡಿ.

ಹೊಸಪೇಟೆ ಹುಡುಗ
ಚಿಕ್ಕಪ್ಪನನ್ನೂ ಕರೆದುಕೊಂಡು ಬನ್ನಿ, ಉತ್ತರ ಅಲ್ಲೇ ಸಿಗುತ್ತದೆ.

ದಾರಿ ಹೀಗೆ. ಹೊಸಪೇಟೆಯಿಂದ ಕಮಲಾಪುರಕ್ಕೆ ಬಸ್ಸಿನಲ್ಲಿ ಬನ್ನಿ, ಹನ್ನೆರಡು ಕಿಲೋಮೀಟರ್ ಆಸುಪಾಸು. ಕಮಲಾಪುರದಲ್ಲಿ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ. ಅದರ ಅಂಗಳದಲ್ಲಿ ಇಡೀ ಹಂಪಿಯ ದೊಡ್ಡ ಮಾದರಿ ಮಾಡಿಟ್ಟಿದ್ದಾರೆ. ಬೆಟ್ಟ, ಹೊಳೆ, ಕೋಟೆ ಗೋಡೆ ಎಲ್ಲ ಅದರಲ್ಲಿದೆ. ಮೊದಲು ಅದರ ಸುತ್ತ ಒಂದು ಸುತ್ತು ಹಾಕಿ. ಗೋಡೆ ಎಲ್ಲಿ ಬೆಟ್ಟಕ್ಕೆ ಹತ್ತುತ್ತದೆ, ಎಲ್ಲಿ ಕಣಿವೆಗೆ ಇಳಿಯುತ್ತದೆ ಅನ್ನೋದು ಅಲ್ಲಿ ತಿಳಿದಷ್ಟು ಮೊಬೈಲ್ ನಕ್ಷೆಯಲ್ಲಿ ತಿಳಿಯುವುದಿಲ್ಲ. ಆಮೇಲೆ ಪಟ್ಟಾಭಿರಾಮ ಗುಡಿ, ಗುಮ್ಮಟದ ಬಾಗಿಲು, ಭೀಮನ ಬಾಗಿಲು, ಗಾಣಗಿತ್ತಿ ಗುಡಿ. ಇವೆಲ್ಲ ಕಮಲಾಪುರದ ಒಂದೇ ಕಡೆ ಬರುತ್ತವೆ. ತಳವಾರಘಟ್ಟವನ್ನು ಸಂಜೆಗೆ ಇಟ್ಟುಕೊಳ್ಳಿ.

ಬಿಸಿಲು
ಸೈಕಲ್ ತಗೊಳ್ಳಿ ರೀ. ಕಮಲಾಪುರದಲ್ಲೂ ಹಂಪಿಯಲ್ಲೂ ಬಾಡಿಗೆಗೆ ಸಿಗುತ್ತದೆ. ನಡೆಯೋದು ಸುಮ್ನೆ ಸುಸ್ತು.

ಶಾಸನಪ್ರೇಮಿ
ಬಿಸಿಲು ಅವರೇ, ಊರಿಂದ ಊರಿಗೆ ಹೋಗಲು ಸೈಕಲ್ ಸರಿ. ಬಾಗಿಲಿನ ಒಳಗೆ ಮಾತ್ರ ಇಳಿಯಲೇಬೇಕು. ಯಾಕೆ ಅಂತ ಹೇಳ್ತೀನಿ.

ಭೀಮನ ಬಾಗಿಲನ್ನೇ ತಗೊಳ್ಳಿ. ದೂರದಿಂದ ನೋಡಿದರೆ ಗೋಡೆ ಮಾತ್ರ ಕಾಣುತ್ತದೆ. ಬಾಗಿಲು ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಹತ್ತಿರ ಹೋದ ಮೇಲೆ ಒಂದು ಸಂದು ಕಾಣುತ್ತದೆ. ಅಲ್ಲಿ ತಿರುಗಿದರೆ ನಾಲ್ಕೂ ಕಡೆ ಗೋಡೆ ಇರುವ ಅಂಗಳ. ಅಲ್ಲಿ ಇನ್ನೊಮ್ಮೆ ತಿರುಗಬೇಕು, ಆಗಲೇ ನಿಜವಾದ ಬಾಗಿಲು ಎದುರಾಗುತ್ತದೆ. ಆನೆ ಓಡಿಬಂದು ಬಾಗಿಲಿಗೆ ಗುದ್ದದಿರಲಿ ಅಂತ ಮಾಡಿದ ಉಪಾಯ ಅದು. ಓಟಕ್ಕೆ ಜಾಗವೇ ಇಲ್ಲ. ತಿರುಗುವ ಹೊತ್ತಿಗೆ ಮೇಲಿಂದ ಕಾವಲಿನವರ ಕಣ್ಣು ನಿಮ್ಮ ಮೇಲಿರುತ್ತದೆ.

ಇದನ್ನು ಪುಸ್ತಕದಲ್ಲಿ ಓದಿದರೆ ಒಂದು ಸಾಲು. ನಡೆದರೆ ನಿಮ್ಮ ಕಾಲೇ ನಿಧಾನವಾಗುತ್ತದೆ. ತಿರುವಿನಲ್ಲಿ ಮುಂದೆ ಏನಿದೆ ಅಂತ ಕಾಣದೆ ನೀವೇ ಒಂದು ಗಳಿಗೆ ನಿಲ್ಲುತ್ತೀರಿ. ಆರುನೂರು ವರ್ಷದ ಹಿಂದೆ ಕಟ್ಟಿದವರು ಬಯಸಿದ್ದೂ ಅದನ್ನೇ.

ಇನ್ನು ಚಾವಣಿ ನೋಡಿ. ಕಮಾನು ಇಲ್ಲ. ಎರಡೂ ಬದಿಯಿಂದ ದೊಡ್ಡ ದೊಡ್ಡ ಬೋದಿಗೆ ಕಲ್ಲುಗಳನ್ನು ಮುಂದಕ್ಕೆ ಚಾಚಿ, ಅದರ ಮೇಲೆ ತೊಲೆಗಲ್ಲು ಕೂರಿಸಿದ್ದಾರೆ. ಒಳಗೆ ನೆಲದಲ್ಲೂ ಮೇಲೆಯೂ ಕದದ ಗೂಟ ತಿರುಗುತ್ತಿದ್ದ ಕುಳಿಗಳನ್ನು ಹುಡುಕಿ. ಗೋಡೆಯಲ್ಲಿ ಅಗುಳಿ ತೂರಿಸುತ್ತಿದ್ದ ತೂತು ಕಾಣಬಹುದು. ಮರದ ಕದ ಹೋಗಿ ಎಷ್ಟೋ ಕಾಲವಾಯಿತು. ಅದು ಎಷ್ಟು ದಪ್ಪ ಇದ್ದಿರಬಹುದು ಅನ್ನೋದು ಆ ಕುಳಿಗೆ ಕೈ ಹಾಕಿದರೆ ತಿಳಿಯುತ್ತದೆ.

ತುಂಗಾತೀರ
ಭೀಮನ ಶಿಲ್ಪ ಮರೆತಿರಲ್ಲ ಸರ್!

ಶಾಸನಪ್ರೇಮಿ
ಅದಕ್ಕೇ ಬರುತ್ತಿದ್ದೆ. ಆ ಬಾಗಿಲಿಗೆ ಭೀಮನ ಹೆಸರು ಬಂದದ್ದೇ ಅಲ್ಲಿರುವ ಶಿಲ್ಪದಿಂದ. ಒಂದು ಚಪ್ಪಡಿಯ ಮೇಲೆ ಭೀಮ ದ್ರೌಪದಿಗಾಗಿ ಸೌಗಂಧಿಕಾ ಹೂ ಹಿಡಿದು ನಿಂತಿದ್ದಾನೆ. ಕೀಚಕನ ವಧೆಯ ಕೆತ್ತನೆಯೂ ಇದೆ. ಕಾವಲಿಗೆ ಎಂಥವನು ಬೇಕು ಅಂತ ಊರಿನವರು ಯೋಚಿಸಿದ್ದರು ನೋಡಿ. ಹೆಂಡತಿಗೆ ಹೂ ತರಲು ಕಾಡು ಅಲೆದವನು, ಅವಳಿಗೆ ಕೆಟ್ಟದ್ದು ಬಗೆದವನನ್ನು ಮುರಿದುಹಾಕಿದವನು. ನನಗಂತೂ ಹಂಪಿಯ ಶಿಲ್ಪಗಳಲ್ಲೆಲ್ಲ ಇದು ಜಾಸ್ತಿ ಇಷ್ಟ. ಕಲ್ಲಿನ ರಥದ ಮುಂದೆ ಸಾಲು ನಿಲ್ಲುವ ಜನ ಇಲ್ಲಿಗೆ ಬರುವುದೇ ಇಲ್ಲ.

ಬಳ್ಳಾರಿ ಬೆಣಚು
ಹಂಪಿಯ ಬಾಗಿಲುಗಳ ಹತ್ತಿರ ಜಾಸ್ತಿ ಕಾಣುವುದು ಆಂಜನೇಯ. ಬಾಗಿಲು ಅಂದರೆ ಆಂಜನೇಯನ ಗುಡಿ, ಇಲ್ಲವೇ ಭೈರವ. ದಾರಿಹೋಕರು ಕೈಮುಗಿದು ಒಳಗೆ ಹೋಗುತ್ತಿದ್ದರು, ಈಗಲೂ ಅಷ್ಟೇ. ಗುಮ್ಮಟದ ಬಾಗಿಲ ಹತ್ತಿರವೂ ಆಂಜನೇಯ ಇದ್ದಾನೆ.

ಗೂಡುದೀಪ
ಗುಮ್ಮಟದ ಬಾಗಿಲು ಬಹಮನಿಯವರು ಕಟ್ಟಿದ್ದು ಅಲ್ವಾ? ಗೆದ್ದ ಮೇಲೆ?

ಶಾಸನಪ್ರೇಮಿ
ಅಲ್ಲ. ವಿಜಯನಗರದವರೇ ಕಟ್ಟಿದ್ದು. ಬಹಮನಿ ಸುಲ್ತಾನರು ಈ ಊರನ್ನು ಗೆದ್ದು ಕೂತವರೇ ಅಲ್ಲ. 1565ರ ಯುದ್ಧದ ಹೊತ್ತಿಗೆ ಬಹಮನಿ ರಾಜ್ಯವೇ ಇರಲಿಲ್ಲ, ಅದು ಒಡೆದು ಐದಾಗಿತ್ತು. ಆ ಸೇನೆಗಳೂ ಊರು ಹಾಳು ಮಾಡಿ ಹೋದವು, ಹೊಸ ಬಾಗಿಲು ಕಟ್ಟಲಿಲ್ಲ.

ನಾಲ್ಕು ಎತ್ತರದ ಕಮಾನು, ಮೇಲೆ ಗುಮ್ಮಟ. ಕಮಲ ಮಹಲ್, ಆನೆ ಲಾಯ, ರಾಣಿಯರ ಸ್ನಾನಗೃಹದಲ್ಲೂ ಇದೇ ಕಮಾನು, ಗಾರೆ ಕೆಲಸ ಕಾಣುತ್ತೀರಿ. ಚೆನ್ನಾಗಿ ಕಂಡದ್ದನ್ನು ಕಲಿತು ತಮ್ಮದು ಮಾಡಿಕೊಂಡ ಊರು ಅದು. ಗುಮ್ಮಟದ ಕೆಳಗೆ ನಿಂತು ಮೇಲೆ ನೋಡಿ. ಭೀಮನ ಬಾಗಿಲಿನ ಬೋದಿಗೆ ಕಲ್ಲು ನೋಡಿ ಬಂದ ಕಣ್ಣಿಗೆ ಇದು ಬೇರೆಯೇ ಲೋಕ. ಎರಡರ ನಡುವೆ ನಡೆಯುವ ದೂರ ಸ್ವಲ್ಪವೇ. ಅದಕ್ಕೇ ಎರಡನ್ನೂ ಒಂದೇ ಬೆಳಿಗ್ಗೆ ನೋಡಿ ಅನ್ನೋದು.

ಬೀದರಿ
ಗುಮ್ಮಟ ಅಂದ ಮೇಲೆ ನಮ್ಮ ಬೀದರ್ ಬರಲೇಬೇಕು. ನಮ್ಮ ಕೋಟೆಯಲ್ಲಿ ಒಂದಾದ ಮೇಲೊಂದು ಬಾಗಿಲು. ಶರ್ಜಾ ದರ್ವಾಜದ ಮೇಲೆ ಎರಡು ಹುಲಿಗಳ ಕೆತ್ತನೆ, ಅಲ್ಲಿನ ಶಾಸನ 1503ರದ್ದು. ಮುಂದೆ ಗುಂಬದ್ ದರ್ವಾಜ, ಹೆಸರಿಗೆ ತಕ್ಕ ಗುಮ್ಮಟ. ನಡುವಿನ ದಾರಿ ತಿರುಗುತ್ತಾ ಹೋಗುತ್ತದೆ. ಕಂದಕವನ್ನು ಬಂಡೆ ಕಡಿದೇ ಮಾಡಿದ್ದಾರೆ. ಒಂದು ಸಲ ನಡೆಯಿರಿ, ಹಂಪಿಯವರು ಇಷ್ಟು ಹೊಗಳಿಕೊಳ್ಳುವುದಿಲ್ಲ.

ಹೊಸಪೇಟೆ ಹುಡುಗ
ಬೀದರಿ ಅಣ್ಣ, ಬರ್ತೀವಿ, ಜಗಳ ಬೇಡ.

ದುರ್ಗದವಳು
ಚಿತ್ರದುರ್ಗ ಬಿಟ್ಟು ಬಾಗಿಲಿನ ಮಾತಾ? ನಮ್ಮಲ್ಲೂ ಒಂದು ಬಾಗಿಲಿಗೆ ಇನ್ನೊಂದು ನೇರ ಇಲ್ಲ. ಪ್ರತಿ ತಿರುವಿನಲ್ಲೂ ಎದುರು ಗೋಡೆ. ಹೈದರಾಲಿಗೆ 1779ರಲ್ಲಿ ಕೋಟೆ ಸಿಕ್ಕಿತು, ಸುಲಭಕ್ಕೆ ಸಿಗಲಿಲ್ಲ. ಆದರೆ ಹಂಪಿಯದ್ದು ಊರಿನ ಬಾಗಿಲು, ನಮ್ಮದು ಬೆಟ್ಟದ ಬಾಗಿಲು. ಊರಿನ ಬಾಗಿಲಿನಲ್ಲಿ ಸಂತೆಗೆ ಹೋಗುವವರು, ಎತ್ತಿನವರು, ಸುಂಕದವರು ಎಲ್ಲ ಇರುತ್ತಿದ್ದರು. ಅದನ್ನು ಯಾರಾದರೂ ಹೇಳಿ.

ಶಾಸನಪ್ರೇಮಿ
ದುರ್ಗದವರೇ, ಒಳ್ಳೇ ಕಡೆ ಮಾತು ತಿರುಗಿಸಿದಿರಿ. ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಅಚ್ಯುತರಾಯನ ಕಾಲದಲ್ಲಿ ಇಲ್ಲಿದ್ದವನು. ನಾಗಲಾಪುರದ ಕಡೆಯ ಬಾಗಿಲಿನ ಬಗ್ಗೆ ಬರೆದಿದ್ದಾನೆ. ನಾಗಲಾಪುರ ಅಂದರೆ ಇವತ್ತಿನ ಹೊಸಪೇಟೆ, ಕೃಷ್ಣದೇವರಾಯ ಕಟ್ಟಿಸಿದ ಊರು.

ಆ ಬಾಗಿಲಿನ ಸುಂಕವನ್ನು ವರ್ಷಕ್ಕೆ 12,000 ಪರ್ದಾವೊಗೆ (ಅದೊಂದು ಚಿನ್ನದ ನಾಣ್ಯ) ಗುತ್ತಿಗೆ ಕೊಡುತ್ತಿದ್ದರಂತೆ. ಗುತ್ತಿಗೆದಾರ ಕೇಳಿದಷ್ಟು ಕೊಡದೆ ಯಾರೂ ಒಳಗೆ ಹೋಗುವ ಹಾಗಿಲ್ಲ, ಊರಿನವರಾದರೂ ಸರಿ, ಪರದೇಶದವರಾದರೂ ಸರಿ. ಊರಿಗೆ ಬೇಕಾದದ್ದೆಲ್ಲ ಎತ್ತಿನ ಬೆನ್ನ ಮೇಲೆ ಬರುತ್ತಿತ್ತು. ದಿನಕ್ಕೆ 2,000 ಎತ್ತು ಬರುತ್ತಿದ್ದವು, ಪ್ರತಿ ಎತ್ತಿಗೂ ಸುಂಕ. ಒಂದು ಬಗೆಯ ಎತ್ತಿಗೆ ಮಾತ್ರ ಬಿಡುಗಡೆ: ಕೊಂಬಿಲ್ಲದ ಎತ್ತು. ರಾಜ್ಯದಲ್ಲಿ ಎಲ್ಲೂ ಅದಕ್ಕೆ ಸುಂಕ ಇರಲಿಲ್ಲ ಅಂತ ಬರೆದಿದ್ದಾನೆ.

ತುಂಗಾತೀರ
ಕೊಂಬಿಲ್ಲದ ಎತ್ತಿಗೆ ಯಾಕೆ ಸರ್ ಬಿಡುಗಡೆ?

ಶಾಸನಪ್ರೇಮಿ
ಕಾರಣವನ್ನು ನೂನಿಜ್ ಬರೆದಿಲ್ಲ.

ಬಳ್ಳಾರಿ ಬೆಣಚು
ನಮ್ಮಜ್ಜ ಕೇಳಿದ್ದರೆ ಸಂತೆಯಲ್ಲಿ ಬರೀ ಬೋಳು ಎತ್ತುಗಳನ್ನೇ ಹಿಡಿದು ತರುತ್ತಿದ್ದ.

ಬಿಸಿಲು
ಎರಡು ಸಾವಿರ ಎತ್ತು ಒಂದು ಬಾಗಿಲಿನಲ್ಲಿ? ನಂಬೋದು ಕಷ್ಟ.

ಶಾಸನಪ್ರೇಮಿ
ನಿಂತು ಎಣಿಸಿದವನಲ್ಲ, ಅಂದಾಜು ಇರಬಹುದು. ಆದರೆ ಹಗಲು ಹನ್ನೆರಡು ಗಂಟೆ ಬಾಗಿಲು ತೆರೆದಿದ್ದರೆ ನಿಮಿಷಕ್ಕೆ ಮೂರು ಎತ್ತೂ ಆಗುವುದಿಲ್ಲ. ಅಷ್ಟು ದೊಡ್ಡ ಊರಿಗೆ ಅದು ಹೆಚ್ಚಲ್ಲ. ನೂನಿಜ್‌ಗಿಂತ ಮುಂಚೆ ಬಂದ ಇನ್ನೊಬ್ಬ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಈ ಊರು ರೋಮ್‌ನಷ್ಟು ದೊಡ್ಡದು ಅಂದಿದ್ದ.

ಇನ್ನೂ ಹಿಂದೆ ಹೋದರೆ 1443ರಲ್ಲಿ ಪರ್ಷಿಯಾದಿಂದ ಅಬ್ದುರ್ ರಜಾಕ್ ಬಂದ. ಇಮ್ಮಡಿ ದೇವರಾಯನ ಕಾಲ. ಅವನು ಒಂದರೊಳಗೆ ಒಂದು ಏಳು ಕೋಟೆ ಅಂತ ಬರೆದ. ಮೊದಲನೆಯದರಿಂದ ಮೂರನೆಯ ಕೋಟೆಯವರೆಗೆ ಹೊಲ, ತೋಟ, ಮನೆ. ಮೂರರಿಂದ ಏಳರವರೆಗೆ ಅಂಗಡಿ ಬೀದಿ, ಜನಸಂದಣಿ. ಹೊರಗಿನ ಕೋಟೆಯ ಮುಂದೆ ಆಳೆತ್ತರದ ಕಲ್ಲುಗಳನ್ನು ಹತ್ತಿರ ಹತ್ತಿರ ನೆಟ್ಟಿದ್ದರು, ಕುದುರೆಯವರು ನುಗ್ಗಲಾಗದ ಹಾಗೆ.

ಕಲ್ಲುಹಾದಿ ಅವರೇ, ಕಮಲಾಪುರದಿಂದ ನಡೆಯುವಾಗ ಈ ಮಾತು ನೆನಪಿಡಿ. ನೀವು ದಾಟುವ ಬಾಳೆ ತೋಟ, ಗದ್ದೆ ಯಾವುದೂ ಊರು ಹಾಳಾದ ಮೇಲೆ ಬಂದ ಹೊಸ ಸಂಗತಿ ಅಲ್ಲ. ಕೋಟೆಯ ಒಳಗೇ ಗದ್ದೆ ಇತ್ತು. ಮುತ್ತಿಗೆ ಬಿದ್ದರೂ ಊರಿಗೆ ಅನ್ನ ಇರಬೇಕಲ್ಲ. ಆ ಕಾಲದ, "ತುರ್ತು" ಅನ್ನುವ ಹೆಸರಿನ ಕಾಲುವೆಯಲ್ಲಿ ಇವತ್ತಿಗೂ ನೀರು ಹರಿಯುತ್ತದೆ, ಇವತ್ತಿಗೂ ರೈತರು ಅದೇ ನೀರಿನಲ್ಲಿ ಬೆಳೆ ತೆಗೆಯುತ್ತಾರೆ.

ಆನೆಗೊಂದಿ ಅಕ್ಕ
ಎಲ್ಲರೂ ಕಮಲಾಪುರದಿಂದಲೇ ಹೇಳುತ್ತಿದ್ದೀರಿ. ನನ್ನ ಮಾತು ಕೇಳಿ, ಹೊಳೆಯ ಈಚೆಯಿಂದ ಬನ್ನಿ. ಆನೆಗೊಂದಿಯಲ್ಲಿ ರಾತ್ರಿ ಉಳಿದು, ಬೆಳಿಗ್ಗೆ ನಮ್ಮ ಬೆಟ್ಟದ ಕೋಟೆ ಬಾಗಿಲು, ದುರ್ಗಾದೇವಿ ಗುಡಿ ನೋಡಿ, ಹೊಳೆ ದಾಟಿ ತಳವಾರಘಟ್ಟಕ್ಕೆ ಇಳಿಯಿರಿ. ಅಲ್ಲಿಂದ ದಾರಿ ಹತ್ತಿ ಬರುವಾಗ ಬಾಗಿಲು ನಿಮ್ಮ ಎದುರಿಗೆ ಬರುತ್ತದೆ. ಹೊರಗಿಂದ ಬಂದವರಿಗೇ ಬಾಗಿಲು ಬಾಗಿಲಾಗಿ ಕಾಣೋದು. ಒಳಗಿಂದ ಹೊರಗೆ ಹೋದರೆ ಅದರ ಬೆನ್ನು ನೋಡಿದ ಹಾಗೆ.

ಕೆಳಗೆ ಕಲ್ಲು ಕಟ್ಟಡ, ಮೇಲೆ ಇಟ್ಟಿಗೆ ಗಾರೆಯ ಕೆಲಸ. ಗಾರೆ ಅಲ್ಲಲ್ಲಿ ಉದುರಿದೆ. ಎರಡೂ ಕಡೆ ಗೋಡೆ ಬಂಡೆಗಳನ್ನು ಹತ್ತಿಕೊಂಡು ಹೋಗುತ್ತದೆ. ಎಲ್ಲಿ ಬಂಡೆ ಮುಗಿದು ಗೋಡೆ ಶುರುವಾಯಿತು ಅಂತ ಸಂಜೆ ಬಿಸಿಲಿನಲ್ಲಿ ಹುಡುಕಬೇಕು.

ಹೊಸಪೇಟೆ ಹುಡುಗ
ಅಕ್ಕ ಹೇಳಿದ್ದು ಸರಿ. ಹೊರಗಿಂದಲೇ ಬರಬೇಕು. ಆದರೆ ಹೊಳೆಯಲ್ಲಿ ನೀರು ಜಾಸ್ತಿ ಬಿಟ್ಟ ದಿನ ದೋಣಿ, ತೆಪ್ಪ ನಿಲ್ಲಿಸುತ್ತಾರೆ. ಜನವರಿಯಲ್ಲಿ ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೂ ಹಿಂದಿನ ದಿನ ಕೇಳಿಕೊಳ್ಳಿ. ದೋಣಿ ಇಲ್ಲದಿದ್ದರೆ ಕಡೇಬಾಗಿಲು–ಬುಕ್ಕಸಾಗರ ಸೇತುವೆ ಸುತ್ತಿ ಬರಬೇಕು.

ನಗರವಾಸಿ
ಒಂದು ಮಾತು ನೇರವಾಗಿ ಹೇಳ್ತೀನಿ. ತಳವಾರಘಟ್ಟದ ಬಾಗಿಲಿನೊಳಗೆ ಗಾಡಿ ಬಿಡುವುದನ್ನೇ ನಿಲ್ಲಿಸಬೇಕು. ವಿಶ್ವ ಪರಂಪರೆ ತಾಣ, 1986ರಿಂದ ಪಟ್ಟಿಯಲ್ಲಿದೆ. ಅದರೊಳಗೆ ಬೈಕು, ಆಟೋ, ಕಾರು. ಕಲ್ಲಿಗೆ ಕನ್ನಡಿ ಉಜ್ಜಿದ ಗೆರೆಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ವಿಠ್ಠಲ ಗುಡಿಗೆ ಗೆಜ್ಜಲ ಮಂಟಪದಿಂದ ಬ್ಯಾಟರಿ ಗಾಡಿ ಮಾಡಿದ್ದಾರಲ್ಲ, ಅದೇ ವ್ಯವಸ್ಥೆ ಇಲ್ಲೂ ಮಾಡಲಿ.

ಆನೆಗೊಂದಿ ಅಕ್ಕ
ನೀವು ವರ್ಷಕ್ಕೊಮ್ಮೆ ಬರುತ್ತೀರಿ. ಆ ಬಾಗಿಲಿನೊಳಗೆ ದಿನಾ ಓಡಾಡುವವರು ನಾವು. ಶಾಲೆಗೆ, ಆಸ್ಪತ್ರೆಗೆ, ಸಂತೆಗೆ. ಅಲ್ಲೊಂದು ಸೇತುವೆ ಕಟ್ಟುತ್ತೇವೆ ಅಂತ ಹೇಳಿ ಎಷ್ಟು ವರ್ಷ ಎಳೆದರು. ಅದೇ ಕೆಲಸದ ಕಾರಣಕ್ಕೆ ಹಂಪಿ 1999ರಲ್ಲಿ ಯುನೆಸ್ಕೋದ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹೋಯಿತು, 2006ರವರೆಗೂ ಇತ್ತು. ಕಡೆಗೆ 2009ರಲ್ಲಿ ಕಟ್ಟುತ್ತಿದ್ದ ಸೇತುವೆಯೇ ಕುಸಿದು ಕೂಲಿಯವರು ಸತ್ತರು. ಅವರ ನೆನಪು ಯಾರಿಗೂ ಇಲ್ಲ. ಈಗ ಬಾಗಿಲನ್ನೂ ಮುಚ್ಚಿ ಅಂದರೆ ನಾವು ಯಾವ ಕಡೆ ಹೋಗಬೇಕು?

ನಗರವಾಸಿ
ಅಕ್ಕ, ಊರಿನವರನ್ನು ತಡೆಯಿರಿ ಅಂತ ನಾನು ಹೇಳಲಿಲ್ಲ. ಪ್ರವಾಸಿಗಳ ಕಾರು ನಿಲ್ಲಲಿ. ಅವರಿಗೆ ಇಳಿದು ನಡೆಯಲು ಏನು ಕಷ್ಟ?

ಆನೆಗೊಂದಿ ಅಕ್ಕ
ಅದಕ್ಕೆ ನಾನೂ ಒಪ್ಪುತ್ತೇನೆ. ಬೋರ್ಡಿನಲ್ಲಿ ಮಾತ್ರ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿಬಿಡುತ್ತಾರೆ, ಅದೇ ಭಯ.

ಬಳ್ಳಾರಿ ಬೆಣಚು
ಬಾಗಿಲಿಗೆ ಪಕ್ಕದಲ್ಲಿ ಬೇರೆ ರಸ್ತೆ ಮಾಡಿ ಅನ್ನುವವರೂ ಇದ್ದಾರೆ. ಮಾಡಬೇಕು ಅಂದರೆ ಕೋಟೆ ಗೋಡೆ ಒಡೆಯಬೇಕು. ಒಂದನ್ನು ಉಳಿಸಲು ಇನ್ನೊಂದನ್ನು ಕೆಡವುವುದು ನನಗೆ ಸರಿ ಕಾಣುವುದಿಲ್ಲ. ಜನ ಓಡಾಡುತ್ತಿರುವ ಬಾಗಿಲು ಇನ್ನೂ ಬಾಗಿಲಾಗಿಯೇ ಇದೆ. ಭೀಮನ ಬಾಗಿಲಿನಲ್ಲಿ ಆಡು ಮೇಯಿಸುವವರು ಬಿಟ್ಟರೆ ಯಾರೂ ಇರುವುದಿಲ್ಲ.

ಗೂಡುದೀಪ
ಮಾತು ಬೇರೆ ಕಡೆ ಹೋಯಿತು. ಊಟ ಎಲ್ಲಿ ಅಂತ ಯಾರೂ ಹೇಳಲಿಲ್ಲ.

ಹೊಸಪೇಟೆ ಹುಡುಗ
ಬೆಳಿಗ್ಗೆ ಕಮಲಾಪುರದಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ. ಹೊಟ್ಟೆ ತುಂಬ ತಿಂದು ಹೊರಡಿ. ಬಾಗಿಲುಗಳ ಹತ್ತಿರ ಅಂಗಡಿ ಇಲ್ಲ. ನೀರು ತಲೆಗೆ ಎರಡು ಲೀಟರ್ ಆದರೂ ಇರಲಿ, ಟೋಪಿ ಮರೆಯಬೇಡಿ. ಜನವರಿಯಲ್ಲೂ ಹನ್ನೊಂದರ ಮೇಲೆ ಬಂಡೆ ಕಾಯುತ್ತದೆ.

ದುರ್ಗದವಳು
ಮಿರ್ಚಿ ತಿಂದು ಬಿಸಿಲಿನಲ್ಲಿ ನಡೆಯಿರಿ ಅಂತೀರಲ್ಲ! ಮಜ್ಜಿಗೆ ಹೇಳಿ.

ತುಂಗಾತೀರ
ಕತ್ತಲಾಗುವ ಮುಂಚೆ ಗುಡ್ಡದ ಕಡೆಯಿಂದ ಈಚೆ ಬನ್ನಿ. ಆ ಕಡೆ ಚಿರತೆ, ಕರಡಿ ಎರಡೂ ಇವೆ. ದರೋಜಿ ಕರಡಿಧಾಮ ಅಲ್ಲಿಂದ ದೂರ ಇಲ್ಲ. ಹೆದರಿಸಲು ಹೇಳುತ್ತಿಲ್ಲ, ಅಪ್ಪ ಜೊತೆಗಿದ್ದಾರೆ ಅಂತ ಹೇಳಿದೆ.

ನಿಧಾನಗತಿ
ನನಗೂ ಮಂಡಿ ನೋವಿದೆ, ಹಾಗಾಗಿ ಅಪ್ಪನವರ ಬಗ್ಗೆ ಬರೆಯುತ್ತಿದ್ದೇನೆ. ಭೀಮನ ಬಾಗಿಲು, ಗುಮ್ಮಟದ ಬಾಗಿಲು ಎರಡೂ ಸಮತಟ್ಟಿನಲ್ಲಿವೆ. ಮೆಟ್ಟಿಲು ಹತ್ತುವ ಕೆಲಸ ಇಲ್ಲ. ದಾರಿಯಲ್ಲಿ ಕಲ್ಲು ಎದ್ದಿರುತ್ತದೆ, ಕೋಲು ಇರಲಿ, ಒಳ್ಳೆ ಶೂ ಇರಲಿ. ಆಟೋದವರಿಗೆ ಮೊದಲೇ ಮಾತಾಡಿ ಗಾಣಗಿತ್ತಿ ಗುಡಿಯ ಹತ್ತಿರ ಕಾಯಲು ಹೇಳಿ.

ಆ ಗುಡಿಯನ್ನು ಬಿಡಬೇಡಿ. ಹೆಸರು ಗಾಣಗಿತ್ತಿ, ಒಳಗೆ ಜಿನಾಲಯ. ಎದುರಿನ ಎತ್ತರದ ದೀಪದ ಕಂಬದ ಮೇಲೆ 1385ರ ಶಾಸನ ಇದೆ. ಇಮ್ಮಡಿ ಹರಿಹರನ ದಂಡನಾಯಕ ಇರುಗಪ್ಪ ಜೈನ ತೀರ್ಥಂಕರ ಕುಂಥುನಾಥನಿಗೆ ಕಟ್ಟಿಸಿದ್ದು. ಅಲ್ಲಿ ಜಗಲಿ ಮೇಲೆ ಕೂತು ಸುಧಾರಿಸಿಕೊಳ್ಳಬಹುದು. ಈ ದಾರಿ ಪೆನುಕೊಂಡೆಯ ಕಡೆಯಿಂದ ಬರುತ್ತಿದ್ದ ಹಳೇ ದಾರಿ. ಊರು ಹೊಕ್ಕವರಿಗೆ ಮೊದಮೊದಲು ಸಿಗುತ್ತಿದ್ದ ಗುಡಿಗಳಲ್ಲಿ ಇದೂ ಒಂದು.

ಇನ್ನೊಂದು. ಗೋಡೆಯ ಪಕ್ಕದ ಬಂಡೆಗಳ ಮೇಲೆ ಸಾಲಾಗಿ ಸಣ್ಣ ಕುಳಿಗಳು ಕಾಣುತ್ತವೆ. ಕಲ್ಲು ಸೀಳಲು ಉಳಿ ಹೊಡೆದ ಗುರುತು ಅವು. ಅರ್ಧಕ್ಕೆ ಬಿಟ್ಟ ಸಾಲುಗಳೂ ಇವೆ. ಕೋಟೆ ಗೋಡೆಯಲ್ಲಿ ಗಾರೆ ಇಲ್ಲ. ಒಂದು ಕಲ್ಲಿಗೆ ಇನ್ನೊಂದು ಕೂರುವಂತೆ ಕಡಿದು ಜೋಡಿಸಿದ್ದಾರೆ, ಒಳಗೆ ಮಣ್ಣು, ಜಲ್ಲಿ ತುಂಬಿದ್ದಾರೆ. ಸಂದಿನಲ್ಲಿ ಬೆರಳು ಹೋಗುವುದಿಲ್ಲ. ಇದೆಲ್ಲ ನಿಧಾನಕ್ಕೆ ನಡೆಯುವವರಿಗೆ ಮಾತ್ರ ಕಾಣುವುದು. ಮಂಡಿ ನೋವಿನವರು ಎಲ್ಲರಿಗಿಂತ ಜಾಸ್ತಿ ನೋಡುತ್ತಾರೆ.

ಬಿಸಿಲು
ಸೈಕಲ್ಲಿನಲ್ಲಿ ಹೋದಾಗ ನಾನು ಈ ಕುಳಿಗಳನ್ನು ನೋಡಿದ್ದೆ. ಆದರೂ ಸೈಕಲ್ಲೇ ಒಳ್ಳೇದು ಅಂತೀನಿ. ಭೀಮನ ಬಾಗಿಲಿನಿಂದ ತಳವಾರಘಟ್ಟಕ್ಕೆ ಒಂದೇ ದಿನ ನಡೆದರೆ ಅಪ್ಪ ಮರುದಿನ ಏಳಲ್ಲ.

ನಿಧಾನಗತಿ
ಅದಕ್ಕೇ ಎರಡು ಬೆಳಿಗ್ಗೆಗಳಿಗೆ ಹಂಚಿ ಅನ್ನೋದು.

ಕಲ್ಲುಹಾದಿ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಎಲ್ಲ ಓದಿ ಹೇಳಿದೆ. ಕೊಂಬಿಲ್ಲದ ಎತ್ತಿನ ಮಾತು ಬಂದಾಗ ಎದ್ದು ಕೂತರು, ಅವರ ಮನೆಯಲ್ಲೂ ಬೋಳು ಎತ್ತು ಇತ್ತಂತೆ. ಚಿಕ್ಕಪ್ಪ ಕೂಡ ಬರುತ್ತಾರೆ.

ಈಗ ಹೀಗೆ ಅಂದುಕೊಂಡಿದ್ದೇವೆ. ಶುಕ್ರವಾರ ಬೆಳಿಗ್ಗೆ ಕಮಲಾಪುರ, ಮ್ಯೂಸಿಯಂ, ಗುಮ್ಮಟದ ಬಾಗಿಲು, ಭೀಮನ ಬಾಗಿಲು, ಗಾಣಗಿತ್ತಿ. ಭೀಮನ ಬಾಗಿಲಿನಲ್ಲಿ ಆಟೋ ಹೊರಗೇ ಇಳಿದು ತಿರುವುಗಳನ್ನು ನಡೆದೇ ಒಳಗೆ ಬರುತ್ತೇವೆ. ರಾತ್ರಿ ಆನೆಗೊಂದಿ. ಶನಿವಾರ ಹೊಳೆ ದಾಟಿ ತಳವಾರಘಟ್ಟ.

ಹೊಸಪೇಟೆ ಹುಡುಗ
ಶುಕ್ರವಾರ ಮ್ಯೂಸಿಯಂಗೆ ರಜೆ! ಶನಿವಾರ, ಭಾನುವಾರ ಮಾಡಿಕೊಳ್ಳಿ.

ಆನೆಗೊಂದಿ ಅಕ್ಕ
ಭಾನುವಾರ ದೋಣಿಗೆ ಜನ ಜಾಸ್ತಿ. ಬೆಳಿಗ್ಗೆ ಏಳಕ್ಕೇ ಹೊಳೆ ಹತ್ತಿರ ಇರಿ.